ಕಣ್ಣಿಗೂ ಬಾಣಂತನ ಬೇಕು ಸ್ವಾಮಿ

ಬೆಂಗಳೂರಿನ ಯಾವುದೇ ಐಟಿ ಆಫೀಸಿನ ಕೆಫೆಟೇರಿಯಾಕ್ಕೆ ಹೋಗಿ, ಕನ್ನಡಕ ತೆಗೆದು ಕಣ್ಣು ಉಜ್ಜಿಕೊಳ್ಳಿ ಸಾಕು. ಎದುರಿಗೆ ಕೂತವನು ಹೇಳ್ತಾನೆ: "ಲೇಸರ್ ಮಾಡಿಸಿಬಿಡು ಗುರು. ಹತ್ತೇ ನಿಮಿಷ. ಶುಕ್ರವಾರ ಮಾಡಿಸ್ಕೋ, ಸೋಮವಾರ ಸ್ಟ್ಯಾಂಡಪ್‌ಗೆ ಬಾ."

ಈ ಮಾತಿನಲ್ಲಿ ಅರ್ಧ ಸತ್ಯ ಇದೆ. ಹತ್ತು ನಿಮಿಷ ಅನ್ನೋದು ಸತ್ಯ. ಯಂತ್ರದ ಕೆಳಗೆ ಮಲಗಿ ಏಳೋದಕ್ಕೆ ಒಂದೊಂದು ಕಣ್ಣಿಗೆ ಅಷ್ಟು ಕೂಡ ಬೇಡ. ಆದರೆ ಅದು ಯಂತ್ರದ ಲೆಕ್ಕ. ಕಣ್ಣಿನ ಲೆಕ್ಕ ಬೇರೆ. ಕಣ್ಣಿಗೆ ವಾರಗಳು ಬೇಕು, ಕೆಲವರಿಗೆ ತಿಂಗಳುಗಳು ಬೇಕು. ನಮ್ಮ ಆಫೀಸುಗಳು, ಜಾಹೀರಾತುಗಳು, ಕೊನೆಗೆ ನಾವೂ ಎಲ್ಲರೂ ಸೇರಿ ಯಂತ್ರದ ಲೆಕ್ಕವನ್ನೇ ಕಣ್ಣಿನ ಲೆಕ್ಕ ಅಂತ ಒಪ್ಪಿಕೊಂಡುಬಿಟ್ಟಿದ್ದೀವಿ. ನನ್ನ ತಕರಾರು ಇರೋದು ಅಲ್ಲಿ.

ಲೇಸರ್ ಬಗ್ಗೆ ನನಗೆ ದ್ವೇಷ ಇಲ್ಲ. ನಾನೇ ಮಾಡಿಸಿಕೊಂಡವನು. ಏಳನೇ ಕ್ಲಾಸಿನಿಂದ ಮೂಗಿನ ಮೇಲೆ ಕೂತಿದ್ದ ಮೈನಸ್ ಐದೂವರೆ ಇಳಿದು ಹೋಗಿದೆ, ಬೆಳಗ್ಗೆ ಎದ್ದ ಕೂಡಲೇ ಗಡಿಯಾರ ಕಾಣುತ್ತೆ. ಅದರ ಸುಖ ಕನ್ನಡಕ ಹಾಕಿದವರಿಗೇ ಗೊತ್ತು. ತಂತ್ರಜ್ಞಾನದ ಕಥೆಯೂ ಚೆನ್ನಾಗಿದೆ. ಮದ್ರಾಸಿನಲ್ಲಿ ಓದಿ ಅಮೆರಿಕಕ್ಕೆ ಹೋದ ರಂಗಸ್ವಾಮಿ ಶ್ರೀನಿವಾಸನ್ ಎಂಬ ವಿಜ್ಞಾನಿ ಐಬಿಎಂನ ಸಂಶೋಧನಾ ಕೇಂದ್ರದಲ್ಲಿದ್ದರು. 1981ರ ನವೆಂಬರ್‌ನಲ್ಲಿ, ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಊಟದಲ್ಲಿ ಉಳಿದಿದ್ದ ಟರ್ಕಿ ಕೋಳಿಯ ತುಂಡನ್ನು ಲ್ಯಾಬ್‌ಗೆ ತಂದು ಅದರ ಮೇಲೆ ಎಕ್ಸೈಮರ್ ಲೇಸರ್ ಹಾಯಿಸಿದರು. ಸುತ್ತಲಿನ ಭಾಗ ಸುಡದೆ, ಬೇಕಾದ ಕಡೆ ಮಾತ್ರ ಗೀರಿದ ಹಾಗೆ ಸವೆಯಿತು. ಅಲ್ಲಿಂದ ಶುರುವಾದದ್ದು ಇವತ್ತು ನಮ್ಮ ಕಣ್ಣಿಗೆ ಬಂದಿದೆ. ಶ್ರೀನಿವಾಸನ್ ಮತ್ತು ಅವರ ಇಬ್ಬರು ಸಹೋದ್ಯೋಗಿಗಳಿಗೆ ಅಮೆರಿಕದ ರಾಷ್ಟ್ರೀಯ ತಂತ್ರಜ್ಞಾನ ಪದಕವೂ ಸಿಕ್ಕಿತು. ಐಬಿಎಂ ಬ್ಯಾಡ್ಜ್ ಹಾಕಿಕೊಂಡು ಓಡಾಡುವ ನಮ್ಮ ಹುಡುಗರಲ್ಲಿ ಎಷ್ಟು ಜನಕ್ಕೆ ಇದು ಗೊತ್ತೋ!

ಈಗ ಆ ಹತ್ತು ನಿಮಿಷದಲ್ಲಿ ಏನಾಗುತ್ತೆ ನೋಡೋಣ. ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ, ಅಂದರೆ ಕಾರ್ನಿಯಾ, ದಪ್ಪ ಅರ್ಧ ಮಿಲಿಮೀಟರಿನ ಆಸುಪಾಸು. ಲ್ಯಾಸಿಕ್‌ನಲ್ಲಿ ಅದರ ಮೇಲಿನ ಪದರವನ್ನು ಬಾಗಿಲಿನ ಹಾಗೆ ಕೊಯ್ದು ಎತ್ತುತ್ತಾರೆ, ಒಳಗೆ ಲೇಸರ್‌ನಿಂದ ಸವೆಸುತ್ತಾರೆ, ಮತ್ತೆ ಮುಚ್ಚುತ್ತಾರೆ. ಹೊಲಿಗೆ ಇಲ್ಲ. ಪಿಆರ್‌ಕೆ ಎಂಬ ಹಳೆಯ ವಿಧಾನದಲ್ಲಿ ಬಾಗಿಲೇ ಇಲ್ಲ. ಮೇಲಿನ ತೆಳು ಚರ್ಮವನ್ನು ಕೆರೆದು ತೆಗೆದು, ಲೇಸರ್ ಹಾಯಿಸಿ, ಒಂದು ಬ್ಯಾಂಡೇಜ್ ಲೆನ್ಸ್ ಇಡುತ್ತಾರೆ. ಚರ್ಮ ಬೆಳೆಯಲು ನಾಲ್ಕೈದು ದಿನ, ನೋಟ ತಿಳಿಯಾಗಲು ವಾರಗಟ್ಟಲೆ. ಸ್ಮೈಲ್‌ನಲ್ಲಿ ಸಣ್ಣದೊಂದು ಸೀಳಿನಿಂದ ಒಳಗಿನ ಚೂರನ್ನು ಎಳೆದು ತೆಗೆಯುತ್ತಾರೆ. ಯಾವುದಾದರೂ ಆಗಲಿ, ಕಾರ್ನಿಯಾದ ನರಗಳಿಗೆ ಏಟು ಬೀಳುತ್ತೆ. ನಮ್ಮ ಮೈಯಲ್ಲಿ ನರಗಳು ಅತಿ ದಟ್ಟವಾಗಿರುವ ಜಾಗಗಳಲ್ಲಿ ಕಾರ್ನಿಯಾ ಒಂದು. ಒಂದು ಕಣ ಧೂಳು ಬಿದ್ದರೆ ಪ್ರಾಣ ಹೋದಂತೆ ಆಗೋದು ಅದಕ್ಕೇ. "ಕಣ್ಣು ಒಣಗಿದೆ, ನೀರು ಬಿಡು, ರೆಪ್ಪೆ ಬಡಿ" ಅಂತ ಸುದ್ದಿ ಕಳಿಸುವುದೂ ಅವೇ ನರಗಳು. ಅವು ಕತ್ತರಿಸಿದಾಗ ಕಣ್ಣು ಒಣಗುತ್ತೆ. ಒಣಗಿದ್ದು ಪೂರ್ತಿ ಗೊತ್ತಾಗುವುದೂ ಇಲ್ಲ. ಅವು ಮತ್ತೆ ಬೆಳೆಯಲು ತಿಂಗಳುಗಳು ಬೇಕು.

ಅಂಥ ಕಣ್ಣನ್ನು ತಗೊಂಡು ಹೋಗಿ ಎಲ್ಲಿ ಕೂರಿಸ್ತೀವಿ? ಎರಡು ಮಾನಿಟರ್ ಮುಂದೆ, ಎಸಿ ಗಾಳಿ ನೇರ ಮುಖಕ್ಕೆ ಹೊಡೆಯುವ ಜಾಗದಲ್ಲಿ. ಸ್ಕ್ರೀನ್ ನೋಡುವಾಗ ನಾವು ರೆಪ್ಪೆ ಬಡಿಯುವುದು ಅರ್ಧಕ್ಕೂ ಕಡಿಮೆ ಆಗಿಬಿಡುತ್ತೆ ಅಂತ ಕಣ್ಣಿನ ಡಾಕ್ಟರುಗಳು ಹೇಳಿ ಹೇಳಿ ಸಾಕಾಗಿದ್ದಾರೆ. ನೀರು ಬಿಡುವ ಸಂಕೇತವೇ ಕೆಟ್ಟಿರುವ ಕಣ್ಣನ್ನು ನೀರು ಆರಿಸುವ ಜಾಗದಲ್ಲೇ ಇಡುವುದು ಯಾವ ಜಾಣತನ?

"ಮಾರನೇ ದಿನ ಆರಕ್ಕೆ ಆರು ಬಂತಲ್ಲ ಮಾರಾಯ" ಅಂತೀರಿ. ಲ್ಯಾಸಿಕ್ ಆದವರಲ್ಲಿ ಎಷ್ಟೋ ಜನಕ್ಕೆ ಬರುತ್ತೆ, ನಿಜ. ಗೋಡೆಯ ಮೇಲಿನ ಅಕ್ಷರಗಳನ್ನು ಒಂದು ನಿಮಿಷ ಓದುವುದಕ್ಕೂ ಹತ್ತು ಗಂಟೆ ಲಾಗ್ ಫೈಲ್ ಓದುವುದಕ್ಕೂ ವ್ಯತ್ಯಾಸ ಇಲ್ವಾ? ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಮುಂದೆ ನಿಂತು ನಡೆಸಿದ ಪ್ರೌಲ್ ಎಂಬ ಅಧ್ಯಯನ 2017ರಲ್ಲಿ ಪ್ರಕಟವಾಯಿತು. ಲ್ಯಾಸಿಕ್ ಮಾಡಿಸಿಕೊಂಡವರಲ್ಲಿ ನೂರಕ್ಕೆ 95ಕ್ಕಿಂತ ಹೆಚ್ಚು ಜನ ತೃಪ್ತಿಯಿಂದಿದ್ದರು. ಅದೇ ಅಧ್ಯಯನದಲ್ಲಿ ಇನ್ನೊಂದು ಲೆಕ್ಕವೂ ಇದೆ. ಮೊದಲು ಕಣ್ಣು ಒಣಗುವ ತೊಂದರೆಯೇ ಇಲ್ಲದಿದ್ದವರಲ್ಲಿ ನೂರಕ್ಕೆ 28ರವರೆಗೂ ಜನ ಮೂರು ತಿಂಗಳಾದ ಮೇಲೆ ಒಣಗುತ್ತಿದೆ ಅಂದರು. ದೀಪದ ಸುತ್ತ ಬಳೆ, ಕಿರಣ, ಎರಡೆರಡು ನೆರಳು ಇಂಥದ್ದೇನೂ ಮೊದಲು ಕಾಣದಿದ್ದವರಲ್ಲಿ ನೂರಕ್ಕೆ 46ರವರೆಗೂ ಜನ ಮೂರು ತಿಂಗಳಿಗೆ ಅಂಥದ್ದೊಂದಾದರೂ ಕಾಣುತ್ತೆ ಅಂದರು. ತುಂಬಾ ಕಷ್ಟ ಆಗ್ತಿದೆ ಅಂದವರು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಹೆದರಿಸುವುದಕ್ಕೆ ಈ ಅಂಕಿ ಹೇಳ್ತಿಲ್ಲ. ಅಳೆಯುವವರು ಇಟ್ಟುಕೊಂಡ ಅಳತೆಗೋಲು ನೋಡಿ: ಮೂರು ತಿಂಗಳು. ನಮ್ಮ ಎಚ್‌ಆರ್ ಇಟ್ಟುಕೊಂಡಿದ್ದು ಎರಡು ದಿನ.

ನನ್ನ ಕಾರ್ನಿಯಾ ತೆಳು ಅಂತ ಡಾಕ್ಟರು ಪಿಆರ್‌ಕೆ ಮಾಡಿದರು. ಮೊದಲ ಮೂರು ದಿನ ಕಣ್ಣಲ್ಲಿ ಈರುಳ್ಳಿ ಹಿಂಡಿದ ಹಾಗೆ. ಒಂದು ವಾರ ಮನೆಯಲ್ಲಿರಿ, ಸ್ಕ್ರೀನನ್ನು ನಿಧಾನಕ್ಕೆ ಶುರು ಮಾಡಿ, ಕಣ್ಣು ಉಜ್ಜಬೇಡಿ, ಧೂಳಿಗೆ ಹೋಗಬೇಡಿ ಅಂತ ಅವರೇ ಬರೆದುಕೊಟ್ಟರು. ಎರಡು ವಾರ ರಜೆ ಕೇಳಿದೆ. ಮ್ಯಾನೇಜರ್ ಕೇಳಿದ್ದು ಒಂದೇ: "ಎರಡು ದಿನ ಸಾಕಲ್ವಾ? ನನ್ನ ಭಾವಮೈದ ಮೂರನೇ ದಿನ ಕಾರು ಓಡಿಸಿದ." ಆ ಭಾವಮೈದನಿಗೆ ಆಗಿದ್ದು ಲ್ಯಾಸಿಕ್, ನನಗೆ ಪಿಆರ್‌ಕೆ ಅಂತ ವಿವರಿಸಿದೆ. ಎಚ್‌ಆರ್‌ನಿಂದ ಮೇಲ್ ಬಂತು: ಇದು ಕಾಸ್ಮೆಟಿಕ್, ಸಿಕ್ ಲೀವ್ ಬರಲ್ಲ, ನಿಮ್ಮ ಗಳಿಕೆ ರಜೆಯಲ್ಲಿ ಕಳೆಯಿರಿ.

ಕಾಸ್ಮೆಟಿಕ್ ಅಂತೆ! ದಿನಕ್ಕೆ ಹತ್ತು ಗಂಟೆ ಕಣ್ಣಿನಿಂದಲೇ ದುಡಿಯುವವನ ಕಣ್ಣು ಇವರಿಗೆ ಲಿಪ್‌ಸ್ಟಿಕ್ ಹಾಗೆ ಕಂಡಿತು.

ಈ ಪದ ಎಲ್ಲಿಂದ ಬಂತು ಅಂತ ಹುಡುಕಿದರೆ ಇನ್ಶೂರೆನ್ಸ್ ಕಡೆ ದಾರಿ ತೋರಿಸುತ್ತೆ. ಪವರ್ 7.5 ಡಯಾಪ್ಟರ್‌ಗಿಂತ ಕಡಿಮೆ ಇದ್ದರೆ ಅದನ್ನು ಸರಿಪಡಿಸುವ ಖರ್ಚು ಕೊಡುವುದಿಲ್ಲ ಅನ್ನುವುದು ನಮ್ಮ ದೇಶದ ಆರೋಗ್ಯ ವಿಮೆಗಳಲ್ಲಿರುವ ಪ್ರಮಾಣಿತ ಷರತ್ತು. ಅಂದರೆ ಮೈನಸ್ ಎಂಟು ಆದರೆ ಕಾಯಿಲೆ, ಮೈನಸ್ ಏಳು ಆದರೆ ಶೋಕಿ. ಇರಲಿ, ದುಡ್ಡಿನ ವಿಷಯದಲ್ಲಿ ಎಲ್ಲೋ ಒಂದು ಗೆರೆ ಹಾಕಬೇಕು, ಹಾಕಿದ್ದಾರೆ. ಆದರೆ ವಿಮೆ ಕಂಪನಿ ದುಡ್ಡಿಗೆ ಹಾಕಿದ ಗೆರೆಯನ್ನು ಎಚ್‌ಆರ್ ಗಾಯಕ್ಕೆ ಯಾಕೆ ಹಾಕಬೇಕು? ದುಡ್ಡು ಯಾರೇ ಕೊಟ್ಟಿರಲಿ, ಕೊಯ್ದ ಕಾರ್ನಿಯಾ ಕೊಯ್ದದ್ದೇ.

ಕಾನೂನು ಈ ವಿಷಯದಲ್ಲಿ ನಮಗಿಂತ ಉದಾರಿ. ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ, 1961. ಹೆಸರು ಕೇಳಿದರೆ ಕಿರಾಣಿ ಅಂಗಡಿಗೆ ಮಾತ್ರ ಅನ್ನಿಸುತ್ತೆ. ಐಟಿ ಕಂಪನಿಗಳೂ ಅದರ ಕೆಳಗೇ ಬರುತ್ತವೆ. ಅದರ 15ನೇ ಸೆಕ್ಷನ್ ಪ್ರಕಾರ ವರ್ಷಕ್ಕೆ 12 ದಿನದವರೆಗೆ ಸಂಬಳ ಸಹಿತ ರಜೆ ಇದೆ, ಗಳಿಕೆ ರಜೆ ಬೇರೆಯೇ ಇದೆ. ಆ ಹನ್ನೆರಡು ದಿನಕ್ಕೆ ಕಾರಣ ಕಾಯಿಲೆ ಆಗಬಹುದು, ಅಪಘಾತ ಆಗಬಹುದು, ಅಥವಾ ಬೇರೆ ಯಾವುದೇ ಸಮಂಜಸ ಕಾರಣ ಆಗಬಹುದು. ಕಣ್ಣಿನ ಆಪರೇಷನ್ ಸಮಂಜಸ ಕಾರಣ ಅಲ್ಲ ಅಂತ ವಾದಿಸುವ ಧೈರ್ಯ ಯಾವ ಎಚ್‌ಆರ್‌ಗೂ ಕಾಗದದ ಮೇಲೆ ಇರುವುದಿಲ್ಲ. ಸೆಕ್ಷನ್ ನಂಬರ್ ಹಾಕಿ, ಡಾಕ್ಟರ ಚೀಟಿ ಲಗತ್ತಿಸಿ ಎರಡನೇ ಮೇಲ್ ಬರೆದೆ. ರಜೆ ಬಂತು.

ನನಗೆ ಬಂತು. ನಮ್ಮದೇ ಫ್ಲೋರಿನ ಒಬ್ಬ ಕಾಂಟ್ರ್ಯಾಕ್ಟ್ ಹುಡುಗಿಗೆ ಬರಲಿಲ್ಲ. ಮದುವೆಗೆ ಗಂಡಿನವರು ನೋಡಲು ಬರೋದಕ್ಕೆ ಮುಂಚೆ ಕನ್ನಡಕ ಇಳಿಸಬೇಕು ಅಂತ ಮನೆಯವರು ಮಾಡಿಸಿದ ಲೇಸರ್. ನಾಲ್ಕನೇ ದಿನ ಕಪ್ಪು ಕನ್ನಡಕ ಹಾಕಿಕೊಂಡು, ಫಾಂಟ್ ಎರಡರಷ್ಟು ಮಾಡಿಕೊಂಡು, ಡೆಸ್ಕ್ ಮೇಲೆ ಡ್ರಾಪ್ಸ್ ಸಾಲಾಗಿ ಇಟ್ಟುಕೊಂಡು ಕೂತಿದ್ದಳು. ಒಂದು ಕಡೆ ಕನ್ನಡಕದ ಹುಡುಗಿ ಬೇಡ ಅನ್ನುವ ಗಂಡಿನ ಕಡೆಯವರು, ಇನ್ನೊಂದು ಕಡೆ ರಜೆ ಹಾಕಿದರೆ ದಿನದ ದುಡ್ಡು ಕತ್ತರಿಸುವ ವೆಂಡರ್. ಮಧ್ಯೆ ಅವಳ ಎರಡು ಕಣ್ಣು. ಆಪರೇಷನ್ ಅವಳ ಆಯ್ಕೆಯೂ ಅಲ್ಲ, ನಾಲ್ಕನೇ ದಿನ ಬಂದು ಕೂತದ್ದು ಅವಳ ಆಯ್ಕೆಯೂ ಅಲ್ಲ. "ಇದೆಲ್ಲ ಅವರವರ ಆಯ್ಕೆ, ಕಂಪನಿ ಯಾಕೆ ರಜೆ ಕೊಡಬೇಕು" ಅನ್ನುವವರು ಒಂದು ಸಲ ಅವಳನ್ನು ನೋಡಬೇಕಿತ್ತು.

ರಜೆಯ ಎರಡು ವಾರ ನಾನು ಇದ್ದಿದ್ದು ನಮ್ಮೂರು ವಿದುರಾಶ್ವತ್ಥದಲ್ಲಿ. ಗೌರಿಬಿದನೂರಿನಿಂದ ಆರು ಕಿಲೋಮೀಟರ್. ನಾಗರಕಲ್ಲುಗಳ ಕ್ಷೇತ್ರ ಅಂತ ಹೆಚ್ಚಿನವರಿಗೆ ಗೊತ್ತು. 1938ರ ಏಪ್ರಿಲ್ 25ರಂದು ಬಾವುಟ ಹಾರಿಸಲು ಸೇರಿದ್ದ ಜನರ ಮೇಲೆ ಗುಂಡು ಹಾರಿಸಿದ ಊರು ಅಂತಲೂ ಗೊತ್ತಿರಬೇಕು. ನಾನು ಹೋದಾಗ ರಾಗಿ ಒಕ್ಕಣೆ ಕಾಲ. ಟಾರ್ ರೋಡಿನ ಮೇಲೇ ರಾಗಿ ತೆನೆ ಹರವಿ, ಬಸ್ಸು ಲಾರಿ ಓಡಿದ ಮೇಲೆ ತೂರುತ್ತಾರೆ. ಹೊಟ್ಟು, ಧೂಳು ಊರೆಲ್ಲ. ಅಮ್ಮ ಬಾಗಿಲಲ್ಲೇ ತಡೆದಳು. "ಈ ಕಡೆ ಕಾಲಿಟ್ಟೀಯ ನೋಡು. ಒಳಗೆ ಕೂತ್ಕೊಳಪ್ಪ ಸುಮ್ನೆ."

ನಮ್ಮೂರಲ್ಲಿ ಕಾರ್ನಿಯಾ ಅಂದರೆ ಏನು ಅಂತ ಕೇಳಿದರೆ ಗೊತ್ತಿಲ್ಲ. ಆದರೆ ಆಪರೇಷನ್ ಅಂದರೆ ಅದಕ್ಕೊಂದು ಪಥ್ಯದ ಕಾಲ ಇದೆ ಅನ್ನೋದು ಪ್ರತಿ ಮನೆಗೂ ಗೊತ್ತು. ಅಜ್ಜಿ ತೀರಾ ಹಿಂದೆ ಒಂದು ಕಣ್ಣಿನ ಕ್ಯಾಂಪಿನಲ್ಲಿ ಪೊರೆ ತೆಗೆಸಿಕೊಂಡಿದ್ದಳು. ಡಾ. ಎಂ.ಸಿ. ಮೋದಿಯಂಥವರು ರಾಜ್ಯದ ಊರೂರಲ್ಲಿ ಕ್ಯಾಂಪ್ ಹಾಕಿ ಸಾವಿರಾರು ಜನಕ್ಕೆ ಕಣ್ಣು ಕೊಟ್ಟ ಕಾಲದ ವಾಡಿಕೆ ಅದು: ಶಾಲೆ ಕೊಠಡಿಯಲ್ಲಿ ಚಾಪೆ ಸಾಲು, ಕಣ್ಣಿಗೆ ಪಟ್ಟಿ, ದಿನಗಟ್ಟಲೆ ಅಲ್ಲಾಡದೆ ಮಲಗುವುದು. ಮನೆಗೆ ಬಂದ ಮೇಲೂ ಒಲೆ ಹತ್ತಿರ ಹೋಗಬಾರದು, ಬಿಂದಿಗೆ ಎತ್ತಬಾರದು, ತಲೆಗೆ ಎರೆದುಕೊಳ್ಳಬಾರದು. ಅದನ್ನು ಕಾಯುವುದು ಒಬ್ಬ ಅಜ್ಜಿಯ ಜವಾಬ್ದಾರಿ ಆಗಿರಲಿಲ್ಲ. ಪಕ್ಕದ ಮನೆಯವರು ನೀರು ತಂದು ಹಾಕುತ್ತಿದ್ದರು, ಚಿಕ್ಕಮ್ಮ ಮುದ್ದೆ ತಿರುವಿ ಕೊಡುತ್ತಿದ್ದಳು. ಒಬ್ಬರ ವಿಶ್ರಾಂತಿಗೆ ನಾಲ್ಕು ಜನ ಕೆಲಸ ಹಂಚಿಕೊಳ್ಳಬೇಕು ಅನ್ನುವ ತಿಳಿವಳಿಕೆ ಅದು. ಬಾಣಂತನವೂ ಅದೇ ತಾನೆ?

ಹಳ್ಳಿಯದೆಲ್ಲ ಒಳ್ಳೆಯದು ಅಂತ ನಾನು ಭಜನೆ ಮಾಡೋದಿಲ್ಲ. ಅದೇ ಊರಿನಲ್ಲಿ "ಉರಿ ಇದ್ರೆ ಎದೆಹಾಲು ಎರಡು ಹನಿ ಬಿಟ್ಕೊ, ಸೊಪ್ಪಿನ ರಸ ಬಿಟ್ಕೊ" ಅಂದವರೂ ಬಂದರು. ಚರ್ಮ ಕೆರೆದ ಕಣ್ಣಿಗೆ ಅಂಥದ್ದು ಹಾಕಿದರೆ ಸೋಂಕಾಗಿ ಕಣ್ಣೇ ಹೋಗಬಹುದು. ಡಾಕ್ಟರು ಬರೆದ ಆ್ಯಂಟಿಬಯಾಟಿಕ್, ಸ್ಟೀರಾಯ್ಡ್, ಕಣ್ಣೀರಿನ ಹನಿ ಬಿಟ್ಟು ಬೇರೆ ಏನನ್ನೂ ಹತ್ತಿರ ಸೇರಿಸಲಿಲ್ಲ. ಅಮ್ಮ ಡ್ರಾಪ್ಸ್ ಹೊತ್ತುಗಳನ್ನು ಕ್ಯಾಲೆಂಡರ್ ಮೇಲೆ ಗೀಟು ಹಾಕಿ ಕಾದಳು. ಸ್ಟೀರಾಯ್ಡ್ ಹನಿ ಹಾಕುವಾಗ ಕಣ್ಣಿನ ಒತ್ತಡ ಏರಬಹುದು, ಅದಕ್ಕೇ ಹೇಳಿದ ದಿನ ಚೆಕಪ್‌ಗೆ ಹೋಗಲೇಬೇಕು. ಸ್ಪ್ರಿಂಟ್ ಇದೆ ಅಂತ ಚೆಕಪ್ ಮುಂದೂಡುವವರು ನಮ್ಮಲ್ಲಿ ಎಷ್ಟು ಜನ ಇಲ್ಲ! ಹಳ್ಳಿಯ ಔಷಧಿ ಬೇಡ, ಹಳ್ಳಿಯ ಸಮಯ ಬೇಕು. ಎರಡನ್ನೂ ಒಟ್ಟಿಗೆ ಬಿಸಾಕಿದ್ದೇ ನಾವು ಮಾಡಿದ ಕೆಲಸ.

ನಮ್ಮ ಕಡೆಯವರಿಗೆ ಇನ್ನೊಂದು ಉದಾಹರಣೆ ಹೇಳಿದರೆ ಬೇಗ ಅರ್ಥ ಆಗುತ್ತೆ. ಚಿಂತಾಮಣಿ, ಶಿಡ್ಲಘಟ್ಟದ ಕಡೆ ರೇಷ್ಮೆ ಹುಳ ಸಾಕುತ್ತಾರೆ. ಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತೆ. ರೈತರು ಅದಕ್ಕೆ ಜ್ವರ ಅಂತಾರೆ: ಒಂದನೇ ಜ್ವರ, ಎರಡನೇ ಜ್ವರ. ಜ್ವರಕ್ಕೆ ಕೂತ ಹುಳ ಸೊಪ್ಪು ತಿನ್ನಲ್ಲ, ತಲೆ ಎತ್ತಿಕೊಂಡು ಸುಮ್ಮನೆ ಇರುತ್ತೆ. ಆಗ ರೈತ ಸೊಪ್ಪು ಹಾಕಲ್ಲ, ಮುಟ್ಟಲ್ಲ, ಕದಲಿಸಲ್ಲ. ಒಂದಷ್ಟು ಹುಳ ಬೇಗ ಎದ್ದರೂ ಉಳಿದವು ಏಳುವ ತನಕ ಕಾಯ್ತಾನೆ. ಗೂಡಿನ ದುಡ್ಡಿಗೆ ಅವನಿಗೆ ಆತುರ ಇಲ್ವಾ? ಸಾಲದ ಕಂತು ಇಲ್ವಾ? ಎಲ್ಲ ಇದೆ. ಜ್ವರದಲ್ಲಿ ಕೈ ಹಾಕಿದರೆ ಬೆಳೆಯೇ ಕೈಬಿಡುತ್ತೆ ಅನ್ನೋದು ಗೊತ್ತಿದೆ, ಅಷ್ಟೆ. ಹುಳಕ್ಕೆ ಸಿಗುವ ಈ ಮರ್ಯಾದೆ ಎಂಜಿನಿಯರ್ ಕಣ್ಣಿಗೆ ಸಿಗಲ್ಲ.

"ಪ್ರಾಜೆಕ್ಟ್ ನಿಂತುಹೋಗುತ್ತೆ" ಅನ್ನುವ ವಾದ ಇದೆಯಲ್ಲ, ಅದನ್ನು ನಮ್ಮ ಭಾಷೆಯಲ್ಲೇ ಎದುರಿಸೋಣ. ಪ್ರೊಡಕ್ಷನ್‌ಗೆ ಕೋಡ್ ಹೋದ ದಿನ ಯಾರಾದರೂ ಕೆಲಸ ಮುಗೀತು ಅಂತೀವಾ? ಎರಡು ವಾರ ಹೈಪರ್‌ಕೇರ್ ಅಂತ ಇಡ್ತೀವಿ. ಡ್ಯಾಶ್‌ಬೋರ್ಡ್ ಕಾಯ್ತೀವಿ, ಹೊಸ ಲೋಡ್ ಹಾಕಲ್ಲ, ಸ್ವಲ್ಪ ಏರುಪೇರಾದರೂ ಓಡ್ತೀವಿ. ಕೆಟ್ಟರೆ ಹಿಂದಿನ ವರ್ಷನ್‌ಗೆ ವಾಪಸ್ ಹೋಗುವ ದಾರಿ ಇರುವ ಕೋಡಿಗೆ ಎರಡು ವಾರ. ವಾಪಸ್ ಹೋಗುವ ದಾರಿಯೇ ಇಲ್ಲದ ಕಣ್ಣಿಗೆ ಒಂದು ವೀಕೆಂಡ್! ಸವೆಸಿದ ಕಾರ್ನಿಯಾ ಮತ್ತೆ ಬೆಳೆಯಲ್ಲ ಸ್ವಾಮಿ.

"ಡಾಕ್ಟರೇ ಎರಡು ದಿನಕ್ಕೆ ಕೆಲಸಕ್ಕೆ ಹೋಗಬಹುದು ಅಂದಿದ್ದಾರೆ" ಅನ್ನುವವರೂ ಇದ್ದಾರೆ. ಲ್ಯಾಸಿಕ್ ಆದ ಅನೇಕರಿಗೆ ಹಾಗೆ ಹೇಳ್ತಾರೆ, ಅದು ತಪ್ಪೂ ಅಲ್ಲ. ಆದರೆ ಡಾಕ್ಟರ ಬಾಯಲ್ಲಿ ಕೆಲಸ ಅಂದರೆ ಏನು, ನಮ್ಮ ಬಾಯಲ್ಲಿ ಕೆಲಸ ಅಂದರೆ ಏನು? ಬೆಳಗ್ಗೆ ಒಂಬತ್ತಕ್ಕೆ ಶುರುವಾಗಿ, ಅಮೆರಿಕ ಎದ್ದ ಮೇಲೆ ರಾತ್ರಿ ಹತ್ತಕ್ಕೆ ಇನ್ನೊಂದು ಕಾಲ್ ಮುಗಿಸಿ, ಮಲಗಿ ಫೋನ್ ನೋಡುವುದನ್ನು ಕೆಲಸ ಅಂತ ಅವರಿಗೆ ಹೇಳಿದ್ದೀರಾ? 2024ರ ಜುಲೈನಲ್ಲಿ ಇದೇ ರಾಜ್ಯದಲ್ಲಿ ಐಟಿ ಉದ್ಯೋಗಿಗಳ ದಿನವನ್ನು 14 ಗಂಟೆವರೆಗೆ ಎಳೆಯುವ ಪ್ರಸ್ತಾವ ಬಂದಿತ್ತು. ನೌಕರರ ಸಂಘ ಗಲಾಟೆ ಮಾಡಿತು. ಅಂಥ ಪ್ರಸ್ತಾವ ತರುವವರ ಲೆಕ್ಕದಲ್ಲಿ ಕಣ್ಣು ಅನ್ನುವ ಅಂಗ ಇದ್ದ ಹಾಗೆ ಕಾಣಲ್ಲ.

ಇನ್ನೂ ಒಂದು ಮಾತು ಕೇಳಿ ಬರುತ್ತೆ. ಗೌರಿಬಿದನೂರಿನ ಮಗ್ಗದವನು, ಗಾರೆ ಕೆಲಸದವನು ಎರಡು ವಾರ ರಜೆ ಹಾಕ್ತಾನಾ, ನಿಮಗೇನು ವಿಶೇಷ? ಅವನಿಗೂ ಸಿಗಬೇಕು ಅನ್ನೋದೇ ನನ್ನ ಉತ್ತರ. ಅವನಿಗೆ ಸಿಗಲ್ಲ ಅಂತ ನಾನು ಬಿಟ್ಟುಕೊಟ್ಟರೆ ಅವನ ಹೊಟ್ಟೆಗೇನೂ ಬೀಳಲ್ಲ. ಸಂಬಳ, ಕಾನೂನು, ಇಂಗ್ಲಿಷ್ ಮೇಲ್ ಬರೆಯುವ ಕೈ ಎಲ್ಲ ಇರುವ ನಾವೇ ಹನ್ನೆರಡು ದಿನ ಕೇಳಲು ಹಿಂಜರಿದರೆ, ಏನೂ ಇಲ್ಲದವನು ಯಾರ ಮುಖ ನೋಡಿಕೊಂಡು ಕೇಳಬೇಕು?

ಆದ್ದರಿಂದ ಲೇಸರ್ ಮಾಡಿಸಬೇಕು ಅಂತಿರುವವರಿಗೆ ಕೆಲವು ಮಾತು. ಆಸ್ಪತ್ರೆಯಲ್ಲಿ ಬೆಲೆ, ಇಎಂಐ ಕೇಳುವ ಮುಂಚೆ ಮೂರು ಪ್ರಶ್ನೆ ಕೇಳಿ: ನನ್ನ ಕಾರ್ನಿಯಾಕ್ಕೆ ಯಾವ ವಿಧಾನ, ಯಾಕೆ? ನನಗೆ ಈಗಲೇ ಕಣ್ಣು ಒಣಗುವ ತೊಂದರೆ ಇದೆಯಾ? ದಿನಕ್ಕೆ ಹತ್ತು ಗಂಟೆ ಸ್ಕ್ರೀನ್ ನೋಡುವವನಿಗೆ ಎಷ್ಟು ದಿನ ರಜೆ ಬೇಕು ಅಂತ ಬರೆದುಕೊಡ್ತೀರಾ? ಮೂರನೆಯದನ್ನು ಚೀಟಿಯ ಮೇಲೆ ಬರೆಸಿಕೊಳ್ಳದೆ ದಿನಾಂಕ ಗೊತ್ತು ಮಾಡಬೇಡಿ. ನಲವತ್ತರ ಹತ್ತಿರ ಇರುವವರು ಚಾಳೀಸಿನ ಬಗ್ಗೆಯೂ ಕೇಳಿ. ದೂರದ ಪವರ್ ಹೋದರೂ ಓದುವ ಕನ್ನಡಕ ಆ ವಯಸ್ಸಿಗೆ ಬಂದೇ ಬರುತ್ತೆ, ಲೇಸರ್ ಅದನ್ನು ತಡೆಯಲ್ಲ. ರಿಲೀಸ್ ಇರುವ ತಿಂಗಳು ಬೇಡ. ರಜೆ ಅರ್ಜಿಯಲ್ಲಿ "ಪರ್ಸನಲ್" ಅಂತ ಹಾಕಬೇಡಿ, "ಕಣ್ಣಿನ ಶಸ್ತ್ರಚಿಕಿತ್ಸೆ" ಅಂತಲೇ ಹಾಕಿ. ವಾಪಸ್ ಬಂದ ಮೇಲೆ ಮೊದಲ ವಾರ ಅರ್ಧ ದಿನದ ಸ್ಕ್ರೀನ್ ಕೇಳಿ, ಆನ್‌ಕಾಲ್ ಪಟ್ಟಿಯಿಂದ ಹೆಸರು ತೆಗೆಸಿ.

ಮ್ಯಾನೇಜರ್ ಆಗಿರುವವರಿಗೆ ಇನ್ನೂ ಸುಲಭದ ಕೆಲಸ. ನಿಮ್ಮ ಟೀಮಿನ ಹುಡುಗನೋ ಹುಡುಗಿಯೋ ಲೇಸರ್ ಮಾಡಿಸ್ತೀನಿ ಅಂದಾಗ "ಹತ್ತು ನಿಮಿಷದ್ದಲ್ವಾ" ಅನ್ನಬೇಡಿ. "ನಿನ್ನ ಕೆಲಸ ಯಾರಿಗೆ ಹಂಚಲಿ" ಅಂತ ಕೇಳಿ. ಕಾಂಟ್ರ್ಯಾಕ್ಟ್‌ನವರಾದರೆ ಅವರ ವೆಂಡರ್‌ಗೆ ನೀವೇ ಒಂದು ಮೇಲ್ ಹಾಕಿ. ನಿಮಗೆ ಅದು ಎರಡು ಸಾಲಿನ ಕೆಲಸ, ಅವರಿಗೆ ಹದಿನೈದು ದಿನದ ಕಣ್ಣು.